ಇಳಿಯುವವನ ಜೇಬಿನ ಫ್ಯೂಜು

೨೯ ಸೆಪ್ಟೆಂಬರ್ ೨೦೧೧, ಗುರುವಾರ

ಅಣ್ಣ ಇದ್ದಾಗ ನಾನು ದಿನಚರಿ ಬರೆಯುತ್ತಿರಲಿಲ್ಲ. ಬೇಕಾಗಿರಲಿಲ್ಲ. ಜನರ ಮಾತು ತಿಳಿಯದಿದ್ದರೆ ಸಂಜೆಯವರೆಗೆ ನೆನಪಿಟ್ಟುಕೊಂಡು ಅವನನ್ನು ಕೇಳುತ್ತಿದ್ದೆ. ಅವನು ಕಲ್ಲಿನ ಕ್ವಾರಿಯಿಂದ ಬಂದು, ಕೈಕಾಲು ತೊಳೆದು, ಹೊಸ್ತಿಲ ಮೇಲೆ ಕೂತು "ಹೂಂ, ಇವತ್ತಿಂದು ಹೇಳು" ಅನ್ನುತ್ತಿದ್ದ. ಪಕ್ಕದ ಹಿಟ್ಟಿನ ಗಿರಣಿಯ ಶಂಕರಮ್ಮ "ನಿನ್ನಂಥಾ ಶಾಣ್ಯಾಕಿನ ನಾ ಎಲ್ಲೂ ನೋಡಿಲ್ಲ ಬಿಡು" ಅಂದರೆ ಅದು ಹೊಗಳಿಕೆಯಲ್ಲ ಎಂದು ಬಿಡಿಸಿ ಹೇಳಿದವನು ಅವನೇ. ಮೂವತ್ತು ದಾಟಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಅವನು ಒಂದು ದಿನವೂ ನಗಲಿಲ್ಲ.

ಈಗ ಕೇಳಲು ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ನಾನೂ ಅಣ್ಣನೂ ನಾಗಲಗಿದ್ದದ ಕಡೆಯ ನಮ್ಮೂರಿನ ಕನ್ನಡ ಶಾಲೆಗೆ ಹೋದವರು. ಅಣ್ಣನ ಹೆಂಡತಿ, ವೈನಿ ಬಾಲಮಣಿ, ಇಲ್ಲಿಯ ತಾಂಡೂರಿನವಳು, ತೆಲುಗು ಮಾತ್ರ ಓದುತ್ತಾಳೆ.

ಅಣ್ಣ ರಾಜರತ್ನ ಮಂಗಳವಾರ ಸತ್ತ. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ಶುರುವಾದ ಮೇಲೆ ಕ್ವಾರಿ ಮುಚ್ಚಿತ್ತು, ಗುಂಡಿಯಲ್ಲಿ ಮಳೆನೀರು ತುಂಬಿತ್ತು. ವೈನಿಯ ತಮ್ಮ ನರಸಿಂಹುಲು ರಸ್ತೆಗೆ ಓಡಿ ಬಂದು, ಭಾವ "ಜೈ ತೆಲಂಗಾಣ" ಎಂದು ಕೂಗಿ ನೀರಿಗೆ ಜಿಗಿದ ಎಂದನಂತೆ. ರಸ್ತೆ ತಡೆದು ಕೂತಿದ್ದವರೆಲ್ಲ ಎದ್ದು ಓಡಿದರು. ಹೆಣವನ್ನು ದವಾಖಾನೆಗೆ ಒಯ್ಯಲಿಲ್ಲ, ಮೆರವಣಿಗೆ ಮಾಡಿ ಮನೆಗೆ ತಂದರು.

ನಾನು ಅಳಲಿಲ್ಲ. ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರಂತೆ, ವೈನಿ ಆಮೇಲೆ ಹೇಳಿದಳು. ಅಷ್ಟು ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳುವುದೊಂದೇ ನನಗೆ ತೋಚಿದ್ದು. ನನಗೆ ಅಳು ಗದ್ದಲ ಇಳಿದ ಮೇಲೆ ಬರುತ್ತದೆ. ಇವತ್ತು ರೊಟ್ಟಿ ಮುರಿಯುವಾಗ ಬಂತು. ನಾನು ರೊಟ್ಟಿಯ ಅಂಚು ಮಾತ್ರ ತಿನ್ನುವವಳು. ಅಣ್ಣ ತನ್ನ ರೊಟ್ಟಿಯ ಅಂಚನ್ನೂ ನನ್ನ ತಾಟಿಗೆ ಹಾಕುತ್ತಿದ್ದ.

ಅವನನ್ನು ಕೇಳಬೇಕಾಗಿದ್ದದ್ದು: ಹೆಣದ ಬಲಗೈಗೆ ಮಾತ್ರ ಬಿಳಿ ಬಟ್ಟೆ ಸುತ್ತಿದ್ದರು, ಯಾಕೆ?

೩೦ ಸೆಪ್ಟೆಂಬರ್

ಹೋರಾಟದ ಸಮಿತಿಯ ಆತ್ಮಾರಾಮ ಬಂದಿದ್ದ. ಅವನ ಚಪ್ಪಲಿ ಹೊಸದು, ಕಿರ್ರೆನ್ನುತ್ತದೆ. ನಾನು ಜನರನ್ನು ಮುಖಕ್ಕಿಂತ ಚಪ್ಪಲಿಯಿಂದ ಬೇಗ ಗುರುತಿಸುತ್ತೇನೆ. ಅಣ್ಣನ ಹೆಸರು ಅಮರವೀರರ ಜೊತೆ ಬರೆಸುತ್ತಾರಂತೆ. ಕ್ವಾರಿಯ ಬಾಯಲ್ಲಿ ಸ್ಮಾರಕದ ಕಲ್ಲು ನಿಲ್ಲಿಸುತ್ತಾರಂತೆ. ತೆಲಂಗಾಣ ಬಂದರೆ ವೈನಿಗೆ ಸರಕಾರಿ ಹಾಸ್ಟೆಲ್‌ನಲ್ಲಿ ಅಡುಗೆ ಕೆಲಸವಂತೆ.

"ಇನ್ನ ಈ ಮನಿ ನಿಮ್ದಲ್ಲ, ನಮ್ಮೆಲ್ಲಾರ್ದು" ಅಂದ ಆತ್ಮಾರಾಮ.

"ಹಂಗಂದ್ರ ನಾವ್ ಎಲ್ಲಿ ಇರಬೇಕ್ರಿ?" ಎಂದು ನಾನು ಕೇಳಿದೆ.

ವೈನಿ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಇದನ್ನೂ ಅಣ್ಣನೇ ಬಿಡಿಸಿ ಹೇಳಬೇಕಾಗಿತ್ತು.

೨ ಅಕ್ಟೋಬರ್, ಭಾನುವಾರ

ಅಣ್ಣ ಕೊನೆಗೆ ತೊಟ್ಟಿದ್ದ ಅಂಗಿ ಹಿತ್ತಲಲ್ಲಿ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ, ನಾನು ಒಗೆದೆ. ಒಗೆಯುವ ಮೊದಲು ಜೇಬು ನೋಡಿದೆ. ಜೇಬಿನ ಗುಂಡಿ ಹಾಕಿತ್ತು, ಒಳಗೆ ಬೀಡಿಯ ಕಟ್ಟು ನೆನೆದು ಮುದ್ದೆಯಾಗಿತ್ತು. ಬೇರೇನೂ ಇರಲಿಲ್ಲ.

ಕ್ವಾರಿಯಲ್ಲಿ ಒಂದು ಪದ್ಧತಿ ಇದೆ. ಗುಂಡಿಯ ನೀರೆತ್ತುವ ಮೋಟರಿನ ಕೆಲಸಕ್ಕೆ ಯಾರು ಕೆಳಗೆ ಇಳಿಯುತ್ತಾರೋ ಅವರು ಮೊದಲು ಮೇಲಿನ ಬೋರ್ಡಿನಿಂದ ಫ್ಯೂಜು ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳಬೇಕು. ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಹತ್ತಿ ಬಂದ ಮೇಲೆ ತಾವೇ ಹಾಕಬೇಕು. ಅಣ್ಣ ಎಷ್ಟೋ ಸಲ ಅದನ್ನು ಮರೆತು ಮನೆಗೆ ತಂದಿದ್ದಾನೆ. ಬಿಳಿ ಪಿಂಗಾಣಿಯದು, ಒಗೆಯುವ ಕಲ್ಲಿಗೆ ತಾಗಿ ಟಣ್ ಅಂದಾಗ ನಾನು ಬೈಯುತ್ತಿದ್ದೆ. "ಅದು ನನ್ನ ಜೀವ ಅದ ಶೀಲಾ, ಜ್ವಾಕಿ" ಅನ್ನುತ್ತಿದ್ದ.

ಸಾಯಲು ಹೋದವನ ಜೇಬಿನಲ್ಲಿ ಫ್ಯೂಜು ಇರುವುದಿಲ್ಲ, ಸರಿ. ಆದರೆ ಅಂಗಿಯ ತೋಳು ಭುಜದವರೆಗೆ ಮಡಚಿತ್ತು, ಎದೆಯ ಮೇಲೆ ಮೋಟರಿನ ಗ್ರೀಸು ಮೆತ್ತಿತ್ತು. ಸಾಯಲು ಹೋದವನಿಗೆ ಗ್ರೀಸು ಎಲ್ಲಿಂದ ಬಂತು? ಎರಡು ಸಲ ಸಾಬೂನು ಹಚ್ಚಿದರೂ ಅದು ಹೋಗಲಿಲ್ಲ.

ವೈನಿ ನೋಡಿ "ಅದನ್ಯಾಕ ತಿಕ್ಕಲಕತ್ತಿ, ಇಡು" ಅಂದಳು. ಅವಳ ದನಿ ಬೇರೆ ಇತ್ತು.

೫ ಅಕ್ಟೋಬರ್

ಕರೆಂಟು ಹೋದ ಕೂಡಲೇ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ನನ್ನ ಕೆಲಸ. ಊರಿನಲ್ಲಿ ಬೇರೆ ಯಾರೂ ಆರಿಸುವುದಿಲ್ಲ. ಕಲ್ಲಿದ್ದಲಿನ ಗಣಿಯವರೂ ಮುಷ್ಕರ ಹೂಡಿದ ಮೇಲೆ ಕರೆಂಟು ಹೋಗುವುದೇ ಹೆಚ್ಚು, ಬರುವುದು ಅಪರೂಪ. ಅದಕ್ಕೇ ಬಂದ ಕರೆಂಟು ಒಂದು ಗಳಿಗೆಯೂ ವ್ಯರ್ಥವಾಗಬಾರದೆಂದು ಗಿರಣಿಯವರು, ಹೊಲದವರು, ಕ್ವಾರಿಯವರು ಎಲ್ಲರೂ ಸ್ಟಾರ್ಟರಿನ ಬಟನ್ನಿಗೆ ಕಟ್ಟಿಗೆಯ ಚೂರು ಸಿಕ್ಕಿಸಿ ಇಡುತ್ತಾರೆ. ಕರೆಂಟು ಬಂದದ್ದೇ ತಡ, ಮೋಟರು ತಾನೇ ತಿರುಗುತ್ತದೆ. ನನಗೆ ಇದರಷ್ಟು ಅಸಹ್ಯವಾದ ರೂಢಿ ಇನ್ನೊಂದಿಲ್ಲ. ಸುದ್ದಿಯಿಲ್ಲದೆ ಗಿರಣಿ ಹೊರಟರೆ ಆ ಸಪ್ಪಳ ನನ್ನ ಹಲ್ಲಿನ ಬುಡಕ್ಕೆ ಇಳಿಯುತ್ತದೆ.

ಇವತ್ತು ಹಾಗೇ ಆಯಿತು. ಕಿವಿ ಮುಚ್ಚಿ ಕೌದಿಯೊಳಗೆ ಸೇರಿದಾಗ ನೆನಪಾಯಿತು. ಆ ಮಂಗಳವಾರವೂ ನಾನು ಹೀಗೇ ಕೌದಿಯೊಳಗೆ ಇದ್ದೆ. ಸಂಜೆಯವರೆಗೆ ಕರೆಂಟಿಲ್ಲ ಎಂದು ಶಂಕರಮ್ಮ ಎಲ್ಲರ ಜೋಳವನ್ನೂ ವಾಪಸು ಕಳಿಸಿದ್ದಳು. ಆದರೆ ಊಟದ ಹೊತ್ತಿಗೂ ಮೊದಲೇ ಗಿರಣಿ ಕಿರುಚಿ, ಸ್ವಲ್ಪ ತಿರುಗಿ ನಿಂತಿತು. ನಾನು ಕೌದಿಯಿಂದ ಹೊರಬರುವಷ್ಟರಲ್ಲಿ ರಸ್ತೆಯ ಕಡೆ ಕೂಗು ಎದ್ದಿತ್ತು.

ಅಣ್ಣ ಸೇಡಂನ ಬಸ್‌ಸ್ಟ್ಯಾಂಡಿನಿಂದ ನನಗೆ ಪತ್ತೇದಾರಿ ಕಾದಂಬರಿಗಳನ್ನು ತರುತ್ತಿದ್ದ. ಮೊದಲು ಕೊನೆಯ ಪುಟ ಓದಿ ಆಮೇಲೆ ಶುರು ಮಾಡುವವಳು ನಾನು. ಕೊಂದವನು ಯಾರೆಂದು ಗೊತ್ತಿಲ್ಲದೆ ಇಷ್ಟು ಜನರ ಜೊತೆ ಇಡೀ ಪುಸ್ತಕ ಕಳೆಯುವುದು ಹೇಗೆ? ಇದರ ಕೊನೆಯ ಪುಟವೂ ನನಗೆ ಬೇಕು. ನಿಜ ಏನೆಂದು ತಿಳಿಯದೆ ನನಗೆ ಅಣ್ಣನ ಫೋಟೋದ ಮುಂದೆ ಕೂರಲು ಆಗುತ್ತಿಲ್ಲ.

೯ ಅಕ್ಟೋಬರ್, ಭಾನುವಾರ

ಕ್ವಾರಿಗೆ ಹೋಗಿ ಬಂದೆ. ಕಾವಲುಗಾರ ತುಳಜಪ್ಪ ತಡೆಯಲಿಲ್ಲ, ಹಿಂದೆಯೇ ಬಂದ. ಅಣ್ಣನ ಹಳೆಯ ಗೆಳೆಯ ಅವನು. ಗುಂಡಿಯಲ್ಲಿ ನೀರು ಇನ್ನೂ ಏರಿತ್ತು, ಹಸಿರಾಗಿತ್ತು. ಮೋಟರು ಕಾಣಲಿಲ್ಲ. ಅದಕ್ಕೆ ಕಟ್ಟಿದ್ದ ಹಗ್ಗದ ಒಂದು ತುದಿ ದಂಡೆಯ ಗೂಟದಲ್ಲಿತ್ತು, ಇನ್ನೊಂದು ನೀರಿನೊಳಗೆ ಹೋಗಿತ್ತು.

ತಗಡಿನ ಶೆಡ್ಡಿನೊಳಗೆ ಬೋರ್ಡು ನೋಡಿದೆ. ಸ್ಟಾರ್ಟರಿನ ಬಟನ್ನಿನಲ್ಲಿ ಕಟ್ಟಿಗೆಯ ಚೂರು ಹಾಗೇ ಇತ್ತು. ಫ್ಯೂಜು ತನ್ನ ಜಾಗದಲ್ಲಿ ಕೂತಿತ್ತು, ಸುಟ್ಟು ಕಪ್ಪಾಗಿತ್ತು.

"ಮೋಟರ್ ಮುಳುಗಲಕತ್ತಿತ್ತಲ್ಲ, ಅಣ್ಣ ಅದನ್ನ ಎತ್ತಲಿಕ್ಕ ಇಳಿದಿದ್ದ. ಹೌದಿಲ್ಲೋ?" ಎಂದು ಕೇಳಿದೆ.

ತುಳಜಪ್ಪ ನೀರನ್ನೇ ನೋಡುತ್ತಿದ್ದ. "ಮೋಟರ್ ಹೋದ್ರ ಮುಷ್ಕರ ಮುಗದ್ರೂ ಕ್ವಾರಿ ತೆರಿಯಂಗಿಲ್ಲ ಅಂದಿದ್ದ. ಎಲ್ಲಾರ ಹೊಟ್ಟಿ ಮ್ಯಾಲ ಬರ್ತದ ಅಂದಿದ್ದ. ಮನಿಗಿ ಹೋಗ ತಂಗಿ."

"ಹೌದೋ ಇಲ್ಲೋ?"

"ಮನಿಗಿ ಹೋಗು."

ಇದು ಹೌದು ಎಂದೇ ಅರ್ಥವೆಂದು ನನಗೆ ನಾನೇ ಬಿಡಿಸಿಕೊಂಡೆ. ದಾರಿಯಲ್ಲಿ ಬರುವಾಗ ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಅಣ್ಣ ನಮ್ಮನ್ನು ಬಿಟ್ಟು ಹೋಗಬೇಕೆಂದು ಹೋದವನಲ್ಲ. ಸಂಜೆ ಬರುತ್ತಿದ್ದ, ನನ್ನ ಮಾತು ಕೇಳುತ್ತಿದ್ದ. ಇದನ್ನು ಎಲ್ಲರಿಗೂ ಹೇಳಿದರೆ ವೈನಿಯ ಎದೆ ಹಗುರಾಗುತ್ತದೆ ಎಂದು ನನಗೆ ಖಾತ್ರಿಯಾಯಿತು.

೧೪ ಅಕ್ಟೋಬರ್, ಶುಕ್ರವಾರ

ಬಾಬಾಸಾಹೇಬರು ಬುದ್ಧನ ದಾರಿ ಹಿಡಿದ ದಿನ. ಮನೆಯಲ್ಲಿ ಬಿಳಿ ಬಟ್ಟೆ ಉಟ್ಟು ಮೇಣದ ಬತ್ತಿ ಹಚ್ಚಿ ವಂದನೆ ಮಾಡಿದೆವು. ಪಂಚಶೀಲವನ್ನು ಪ್ರತಿವರ್ಷ ಅಣ್ಣ ಹೇಳಿಕೊಡುತ್ತಿದ್ದ, ಈ ಸಲ ನಾನು. ನಾಲ್ಕನೆಯದು, ಸುಳ್ಳಾಡುವುದಿಲ್ಲ ಎಂಬುದು, ನನಗೆ ಯಾವತ್ತೂ ಕಷ್ಟವಾಗಿಲ್ಲ. ಅಣ್ಣ ತನ್ನ ಮಗಳು ಶಿಲ್ಪಾರಾಣಿಗೆ ಹೇಳುತ್ತಿದ್ದ, "ನಾ ಸುಳ್ಳ ಹೇಳೇನು, ನಿಮ್ಮವ್ವ ಹೇಳ್ಯಾಳು, ನಿಮ್ಮತ್ತಿ ಮಾತ್ರ ಹೇಳಂಗಿಲ್ಲ." ಆರು ವರ್ಷದ ಹುಡುಗಿ, ಅಪ್ಪ ಎಲ್ಲಿ ಎಂದು ನನ್ನನ್ನೇ ಕೇಳುತ್ತಾಳೆ.

ವಂದನೆ ಮುಗಿದ ಮೇಲೆ ಮಗುವನ್ನು ಶಂಕರಮ್ಮನ ಮನೆಗೆ ಕಳಿಸಿದೆ. ವೈನಿ, ನರಸಿಂಹುಲು, ತುಳಜಪ್ಪ ಮೂವರನ್ನೂ ಕೂರಿಸಿ, ಕಾದಂಬರಿಯ ಕೊನೆಯಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ಮಡಚಿದ ತೋಳು, ಗ್ರೀಸು, ಹೊತ್ತಲ್ಲದ ಹೊತ್ತಿಗೆ ಹೊರಟ ಗಿರಣಿ, ಹಗ್ಗ, ಕಟ್ಟಿಗೆಯ ಚೂರು, ಸುಟ್ಟ ಫ್ಯೂಜು. ಅಣ್ಣ ಜಿಗಿಯಲಿಲ್ಲ, ಕರೆಂಟು ಹೊಡೆದು ಸತ್ತ ಎಂದೆ. ಪುಸ್ತಕದಲ್ಲಿ ಇಲ್ಲಿಗೆ ಎಲ್ಲರೂ ಬೆಚ್ಚಿಬೀಳುತ್ತಾರೆ.

ಇಲ್ಲಿ ಯಾರೂ ಬೆಚ್ಚಲಿಲ್ಲ. ತುಳಜಪ್ಪ ಬೀಡಿ ಹುಡುಕಿದ. ನರಸಿಂಹುಲು ತಲೆ ಎತ್ತಲಿಲ್ಲ. ವೈನಿ ಅಂದಳು, "ಗೊತ್ತದ ಶೀಲಾ. ಆ ಕೈಗಿ ಬಟ್ಟಿ ಸುತ್ತಿದಾಕಿ ನಾನೇ. ಅಂಗೈ ಸುಟ್ಟು ಕರಕ್ ಆಗಿತ್ತು."

"ತುಳಜಪ್ಪಗ?"

"ನೀರಾಗಿಂದ ತೆಗದಾವ್ ಅವನೇ. ಕ್ವಾರಿಯವ್ರಿಗಿ ಎಲ್ಲಾರಿಗೂ ಗೊತ್ತದ. ಆತ್ಮಾರಾಮಗೂ ಗೊತ್ತಿರಬೇಕು, ಅಂವಾ ಕೇಳಿಲ್ಲ. ನಿನಗೊಬ್ಬಾಕಿಗೇ ಗೊತ್ತಿದ್ದಿಲ್ಲ."

ಆಮೇಲೆ ವೈನಿ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. ಮುಷ್ಕರದಲ್ಲಿ ಕ್ವಾರಿಗೆ ಇಳಿದದ್ದು ತಿಳಿದರೆ ಅಣ್ಣ ಕ್ವಾರಿಯ ಮಾಲೀಕ ಸೇಟನ ಚಾಕರಿ ಮಾಡಿದ ದ್ರೋಹಿಯಾಗುತ್ತಾನೆ. ಸೇಟು ತಾನು ಕಳಿಸಲೇ ಇಲ್ಲ ಅನ್ನುತ್ತಾನೆ. ಇದೇ ಓಣಿಯವರು ಬಾಗಿಲಿಗೆ ಕಲ್ಲು ಹೊಡೆಯುತ್ತಾರೆ. ಶಿಲ್ಪಾರಾಣಿ ಶಾಲೆಗೆ ಹೋಗುವುದು ಹೇಗೆ?

"ಸತ್ತಾವ್ ಹೋಗ್ಯಾನ. ಅವನ ಇಜ್ಜತ್ ಒಂದ್ ಉಳದದ" ಅಂದಳು. "ಅದನ್ನ ನೀ ತೆಗಿಬ್ಯಾಡ. ತೆಗಿತೀನಿ ಅಂದ್ರ ನಾರಾಯಣಖೇಡದಾಗಿನ ನಿಮ್ಮ ಕಾಕನ ಮನಿಗಿ ಹೋಗಿಬಿಡು, ಶಿಲ್ಪಾನ ಮಾತ್ರ ಕೇಳಬ್ಯಾಡ."

ನಾನು ಒಂದೇ ಪ್ರಶ್ನೆ ಕೇಳಿದೆ. ಇಳಿಯುವವನ ಜೇಬಿನಲ್ಲಿ ಇರಬೇಕಾದ ಫ್ಯೂಜು ಬೋರ್ಡಿನಲ್ಲಿ ಯಾಕಿತ್ತು? ನರಸಿಂಹುಲು ಎದ್ದು ಹೊರಗೆ ಹೋದ. ಚಪ್ಪಲಿ ಮೆಟ್ಟದೆ ಹೋದ.

"ರೊಟ್ಟಿ ಆರ್ಲಕತ್ತದ, ಉಣ್ಣು" ಅಂದಳು ವೈನಿ. ಅಂಚು ಮುರಿದು ನನ್ನ ತಾಟಿಗೆ ಹಾಕಿದಳು. ಅವಳು ಹಾಗೆ ಮಾಡಿದ್ದು ಅದೇ ಮೊದಲು. ನನಗೆ ತಿನ್ನಲಾಗಲಿಲ್ಲ.

೧೫ ಅಕ್ಟೋಬರ್

ಎಲ್ಲರಿಗೂ ಗೊತ್ತಿತ್ತು.

೧೮ ಅಕ್ಟೋಬರ್, ಮಂಗಳವಾರ

ನರಸಿಂಹುಲು ಹಿತ್ತಲಿಗೆ ಬಂದ. ನಾನು ಪಾತ್ರೆ ತಿಕ್ಕುತ್ತಿದ್ದೆ. ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಕೇಳದೆಯೇ ಹೇಳಿದ.

"ಭಾವ ಹಗ್ಗ ಕಟ್ಲಕತ್ತಿದ್ದ. ಫ್ಯೂಜ್ ಕಿತಕೊಂಡ್ ಬಾ ನರಸ್ಯಾ ಅಂದ. ಶೆಡ್ಡಿನ ತನ ಮಂಡಿ ಮಟಾ ರಾಡಿ ಇತ್ತು ಅಕ್ಕಾ. ಕರೆಂಟ್ ಎಲ್ಲಿ ಬರ್ತದ ಅಂತ ನಾ ಅರ್ಧಾ ದಾರಿಗೇ ತಿರಗಿ ಬಂದೆ. ತಂದಿ ಏನು ಅಂದ. ಹೂಂ ಭಾವ, ನನ್ ಜೇಬಿನಾಗ ಅದ ಅಂದೆ."

"ಅಣ್ಣ ಅದನ್ನ ತನ್ನ ಕೈಗಿ ಕೊಡು ಅನ್ನಲಿಲ್ಲಾ?"

"ಕೈ ಚಾಚಿದ. ನಿನ್ ಕೈ ಎಲ್ಲಾ ಗ್ರೀಸ್ ಅದ, ನನ್ ಹಂತೇಕ ಇರ್ಲಿ ಅಂದೆ. ಆತು ಅಂದು ಇಳದ."

ನಾನು ಬೂದಿಯಿಂದ ಅದೇ ತಂಬಿಗೆಯನ್ನು ಮತ್ತೆ ಮತ್ತೆ ತಿಕ್ಕಿದೆ. ನನಗೆ ಸಿಟ್ಟು ಬಂತು. ಆ ತಂಬಿಗೆಯಿಂದ ಅವನ ತಲೆಗೆ ಹೊಡೆಯಬೇಕೆನ್ನಿಸುವಷ್ಟು ಬಂತು. ಅವನು ಭಾವನ ಕೈಯನ್ನೇ ನಂಬಿ ಬೆಳೆದವನು. ಕಲ್ಲೆತ್ತುವುದನ್ನು, ಬೀಡಿ ಸೇದುವುದನ್ನು ಸಹ ಅಣ್ಣನಿಂದಲೇ ಕಲಿತವನು. ಹೂಂ ಎಂಬ ಒಂದು ಮಾತು ಅಷ್ಟು ಸಸಾರವಾಗಿ ಹೇಗೆ ಬಂತು ಅವನ ಬಾಯಿಗೆ? ರಾಡಿಯಲ್ಲಿ ನಾಲ್ಕು ಹೆಜ್ಜೆ ತಪ್ಪಿಸಲು ಜನ ಸುಳ್ಳಾಡುತ್ತಾರೆಯೇ?

"ನಿಮ್ಮಕ್ಕಗ ಹೇಳಿದ್ದೀ?" ಎಂದು ಕೇಳಿದೆ.

"ಆಕಿಗಿ ಫ್ಯೂಜಿಂದು ಹೇಳಿಲ್ಲ. ಭಾವನೇ ಕೀಳೋದ್ ಮರ್ತಾನ ಅಂತ ತಿಳಕೊಂಡಾಳ. ನೀ ಹೇಳಂಗಿದ್ರ ಹೇಳು. ಆತ್ಮಾರಾಮಗ ಹೇಳು, ಪೊಲೀಸ್ರಿಗಿ ಹೇಳು. ನಿನ್ನ ಬಾಯಾಗ ಬಂದ್ರ ಎಲ್ಲಾರೂ ನಂಬ್ತಾರ. ನೀ ಸುಳ್ಳ ಹೇಳಂಗಿಲ್ಲ ಅಂತ ಊರಿಗೇ ಗೊತ್ತದ."

ಅವನು ಅಳುತ್ತಿದ್ದ. ನಾನು ಮುಖ ನೋಡಲಿಲ್ಲ, ಅವನ ಬರಿಗಾಲು ನೋಡಿದೆ. ಅವನು ಜೈಲಿಗೆ ಹೋದರೆ ವೈನಿಗೆ ತವರಿನಲ್ಲಿ ಬೇರೆ ಯಾರೂ ಇಲ್ಲ. ಇದನ್ನು ಯಾರೂ ಬಿಡಿಸಿ ಹೇಳದೆ ನಾನೇ ತಿಳಿದುಕೊಂಡೆ.

೨೪ ಅಕ್ಟೋಬರ್, ಸೋಮವಾರ

ಮುಷ್ಕರ ನಿಂತಿತು. ತೆಲಂಗಾಣ ಬಂದಿಲ್ಲ.

ಆತ್ಮಾರಾಮ ಪತ್ರಿಕೆಯವನನ್ನು ಕರೆದುಕೊಂಡು ಬಂದ. ಅಂಗಳ ತುಂಬ ಜನ. ಕ್ವಾರಿಯವರೂ ಇದ್ದರು, ತುಳಜಪ್ಪ ಬೇಲಿಯ ಹತ್ತಿರ ನಿಂತಿದ್ದ. ವೈನಿಯನ್ನು ಕೇಳಿದರು, ಅವಳು ಸೆರಗು ಬಾಯಿಗೆ ಹಿಡಿದು ಅತ್ತಳು. ಆಮೇಲೆ ಆತ್ಮಾರಾಮ ನನ್ನ ಕಡೆ ತಿರುಗಿದ.

"ಧಮ್ಮಶೀಲಾ ಅವ್ರ, ನಿಮ್ಮಣ್ಣ ತೆಲಂಗಾಣಕ್ಕಾಗಿ ಜೀವಾ ಕೊಡ್ತೀನಿ ಅಂತ ನಿಮ್ಮ ಮುಂದ ಅಂದಿದ್ರಲ್ಲರಿ?"

ಅಣ್ಣ ಹಾಗೆ ಅಂದಿರಲಿಲ್ಲ. ಮೆರವಣಿಗೆಗೆ ಹೋಗುತ್ತಿದ್ದ, ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ, ತೆಲಂಗಾಣ ಬಂದರೆ ಶಿಲ್ಪಾಗೆ ನೌಕರಿ ಸಿಗುತ್ತದೆ ಅನ್ನುತ್ತಿದ್ದ. ಸಾಯುತ್ತೇನೆ ಅಂದಿರಲಿಲ್ಲ. ಇಲ್ಲ ಎಂಬ ಮಾತು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಎಲ್ಲರ ಚಪ್ಪಲಿಗಳೂ ನನ್ನ ಕಡೆ ತಿರುಗಿದ್ದವು. ಶಿಲ್ಪಾರಾಣಿ ಬಂದು ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು.

"ಹೂಂ" ಅಂದೆ.

ಜನ ಜೈ ಎಂದು ಕೂಗಿದರು. ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಬೆಳಗಿನ ಉಪ್ಪಿಟ್ಟು ಸರಿಯಿರಲಿಲ್ಲ ಎಂದು ಕಾಣುತ್ತದೆ.

೨೭ ಸೆಪ್ಟೆಂಬರ್ ೨೦೧೨

ವರ್ಷವಾಯಿತು. ಸ್ಮಾರಕದ ಕಲ್ಲು ನಿಲ್ಲಿಸಿದರು, ನಮ್ಮ ಕ್ವಾರಿಯದೇ ನೀಲಿ ಕಲ್ಲು, ಚೆನ್ನಾಗಿ ಪಾಲಿಶ್ ಆಗಿದೆ. ವೇದಿಕೆಯ ಮೇಲೆ ನನಗೂ ಮಾತಾಡಲು ಹೇಳಿದರು. ಎರಡು ಮಾತು ಆಡಿದೆ. ಶಂಕರಮ್ಮ "ಏನ್ ಚಂದ ಮಾತಾಡಿದಿ, ಮದಲಿನ ಶೀಲಾ ಅಲ್ಲೇ ಅಲ್ಲ" ಅಂದಳು. ಇದು ಹೊಗಳಿಕೆಯೇ, ಬಿಡಿಸಿ ಹೇಳುವವರು ಬೇಕಾಗಲಿಲ್ಲ. ನರಸಿಂಹುಲು ಬಂದಿರಲಿಲ್ಲ. ಹಗಲೇ ಕುಡಿದು ಸ್ಟೇಶನ್ನಿನ ಕಡೆ ಬಿದ್ದಿದ್ದನಂತೆ.

೨ ಜೂನ್ ೨೦೧೪, ಸೋಮವಾರ

ತೆಲಂಗಾಣ ಬಂತು. ಬೆಳಗಿನಿಂದ ಪಟಾಕಿ. ಬಹಳ ದಿನಗಳಿಂದ ಬರೆದಿರಲಿಲ್ಲ, ಬರೆಯುವಂಥದ್ದೂ ಇರಲಿಲ್ಲ.

ಹತ್ತು ಗಂಟೆಗೆ ಎಲ್ಲರೂ ಕ್ವಾರಿಗೆ ಹೋದೆವು. ಅಣ್ಣ "ಜೈ ತೆಲಂಗಾಣ" ಎಂದು ಕೂಗಿ ನೀರಿಗೆ ಜಿಗಿದ ಜಾಗದಲ್ಲಿ ಮೇಣದ ಬತ್ತಿ ಹಚ್ಚಿ, ಕಲ್ಲಿಗೆ ಹೂವಿನ ಹಾರ ಹಾಕಿದೆವು. ಪಂಚಶೀಲ ನಾನೇ ಹೇಳಿಕೊಟ್ಟೆ. ನಾಲ್ಕನೆಯದರ ಹೊತ್ತಿಗೆ ಕೆಮ್ಮು ಬಂತು, ವೈನಿ ಮುಂದುವರಿಸಿದಳು. ಪಟಾಕಿಯ ಹೊಗೆ ವಿಪರೀತವಿತ್ತು. ಹಾಸ್ಟೆಲ್‌ನ ಕೆಲಸದ ಮಾತನ್ನು ಆತ್ಮಾರಾಮ ಮತ್ತೆ ಹೇಳಿದ, ಈ ಸಲ ಆಗುತ್ತದೆಂದು ತೋರುತ್ತದೆ.

ಸಂಜೆ ಶಿಲ್ಪಾರಾಣಿ ಹೊಸ್ತಿಲ ಮೇಲೆ ನನ್ನ ಪಕ್ಕ ಬಂದು ಕೂತಳು. ಒಂಬತ್ತು ವರ್ಷವಾಯಿತು, ಅಣ್ಣನದೇ ಅಗಲ ಹಣೆ.

"ಅತ್ತಿ, ನಮ್ಮ ಕ್ಲಾಸಿನಾಗ ಒಬ್ಬಾಕಿ ಹೇಳ್ಯಾಳ, ನಮ್ಮಪ್ಪ ಜಿಗದಿಲ್ಲಂತ, ಕರೆಂಟ್ ಹೊಡದದಂತ. ನಿಮ್ಮತ್ತಿಗಿ ಕೇಳು, ಆಕಿ ಸುಳ್ಳ ಹೇಳಂಗಿಲ್ಲ ಅಂದಳು."

"ನಿಮ್ಮಪ್ಪ ತೆಲಂಗಾಣಕ್ಕಾಗಿ ಜೀವಾ ಕೊಟ್ಟಾನ" ಅಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಾನೂ ಹಂಗೇ ಅಂದೆ ಆಕಿಗಿ" ಎಂದು ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟಳು.

ಅಷ್ಟರಲ್ಲಿ ಕರೆಂಟು ಹೋಯಿತು. ಅವಳ ತಲೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದೆ. ದೀಪದ ಸ್ವಿಚ್ಚು, ಫ್ಯಾನಿನದು, ಅಡುಗೆ ಮನೆಯದು, ಹಿತ್ತಲಿನದು, ಎಲ್ಲ ಆರಿಸಿದೆ. ಆರಿಸಿದ್ದೇನೆಯೋ ಇಲ್ಲವೋ ಎಂದು ಮತ್ತೊಮ್ಮೆ ಒಂದೊಂದನ್ನೂ ಮುಟ್ಟಿ ನೋಡಿದೆ.

"ಯಾಕ ಅತ್ತಿ, ಯಾವಾಗ್ಲೂ ಆರಸ್ತಿ?" ಎಂದು ಅವಳು ಕತ್ತಲಲ್ಲೇ ಕೇಳಿದಳು.

"ಸುಮ್ನೆ" ಅಂದೆ. "ರೂಢಿ ಅದ."